ಟ್ರೇಲರ್ ಮೇಲೆ ನಿಂಬೆಹಣ್ಣು

ಚಿದಾನಂದನ ಹತ್ತಿರ ಒಂದು ಪಿಕಪ್ ಟ್ರಕ್ ಇತ್ತು. ಇತ್ತು ಎಂದರೆ ಟೆಕ್ಸಾಸಿನ ಮಿಸೌರಿ ಸಿಟಿ ಎಂಬ ಊರಿನ ನಮ್ಮ ಬೀದಿಯಲ್ಲಿ ನಿಂತಿತ್ತು, ಅಷ್ಟೆ. ಕೆಲಸ ಎಂಬುದನ್ನು ಅದು ಕಂಡದ್ದಿಲ್ಲ. ಅದರ ಬೆನ್ನ ಮೇಲೆ ಇದುವರೆಗೆ ಸವಾರಿ ಮಾಡಿದ ಅತಿ ಭಾರದ ವಸ್ತುವೆಂದರೆ ಕನ್ನಡ ಸಂಘದ ಗಣೇಶ ಹಬ್ಬಕ್ಕೆ ತಂದ ಸೋನಾ ಮಸೂರಿ ಅಕ್ಕಿಯ ಮೂಟೆಗಳು. ಆದರೂ ಟ್ರಕ್ ಕೊಂಡ ದಿನದಿಂದ ಚಿದಾನಂದನ ನಡಿಗೆಯೇ ಬದಲಾಗಿತ್ತು. ಎರಡೂ ಹೆಬ್ಬೆರಳು ಬೆಲ್ಟಿಗೆ ಸಿಕ್ಕಿಸಿಕೊಂಡು, ಕಾಲು ಅಗಲಿಸಿ ನಿಂತು, "ಟೆಕ್ಸಾಸ್‌ನ್ಯಾಗ ಗಂಡಸು ಅಂದಮ್ಯಾಲ ಟ್ರಕ್ ಇರಬೇಕ್ರಿ ಶ್ರೀಶೈಲಣ್ಣಾ" ಎನ್ನುತ್ತಿದ್ದ.

ಶ್ರೀಶೈಲಣ್ಣ ಎಂದರೆ ನಾನು, ಪಕ್ಕದ ಮನೆಯವನು, ಧಾರವಾಡದವನು. ನಾನು ಹೇಳುವ ಬುದ್ಧಿಮಾತನ್ನು ಈ ಬೀದಿಯಲ್ಲಿ ಕೇಳಿದವರಿಲ್ಲ. ಹಾಗಾಗಿ ಹೇಳುವುದನ್ನು ಬಿಟ್ಟು ಸುಮ್ಮನೆ ನೋಡುವುದನ್ನು ರೂಢಿಸಿಕೊಂಡಿದ್ದೇನೆ. ನೋಡಲಿಕ್ಕೆ ಚಿದಾನಂದನಂಥವನು ಪಕ್ಕದಲ್ಲಿದ್ದರೆ ಟಿವಿಯ ಅವಶ್ಯಕತೆ ಬೀಳುವುದಿಲ್ಲ.

ಆದರೆ ಈ ಸಲ ನಗುವಂಥ ಕಾಲವಾಗಿರಲಿಲ್ಲ. ಚಿದಾನಂದನ ಅಕ್ಕ ಕಮಲವ್ವ, ಭಾವ ಅಣ್ಣಾಸಾಹೇಬರು ನಮ್ಮಿಂದ ಎರಡು ಬೀದಿ ಆಚೆ ಇದ್ದಾರೆ. ವಿಜಯಪುರದ ಕಡೆಯವರು. ಅಣ್ಣಾಸಾಹೇಬರಿಗೆ ಹೊಟ್ಟೆಯ ಕ್ಯಾನ್ಸರ್. ಡಾಕ್ಟರು ಇನ್ನು ಮಾಡುವಂಥದ್ದೇನೂ ಇಲ್ಲ ಎಂದು ಹೇಳಿಯಾಗಿತ್ತು. ಇದು ನನಗೆ ಗೊತ್ತಿತ್ತು, ಚಿದಾನಂದನಿಗೆ ಗೊತ್ತಿತ್ತು, ಅಣ್ಣಾಸಾಹೇಬರಿಗಂತೂ ಗೊತ್ತೇ ಇತ್ತು. ಕಮಲವ್ವನ ಮುಂದೆ ಮಾತ್ರ ಯಾರೂ ಈ ಮಾತು ಎತ್ತುವ ಹಾಗಿರಲಿಲ್ಲ. ಎತ್ತಿದರೆ ಆಕೆ, "ಏನೂ ಆಗಂಗಿಲ್ಲ. ಚಹಾ ಕುಡೀತೀರೇನು?" ಎಂದು ಎದ್ದು ಒಳಗೆ ಹೋಗಿಬಿಡುತ್ತಿದ್ದಳು. ಆ ಮನೆಯಲ್ಲಿ ನಾನು ಕುಡಿದ ಚಹಾಕ್ಕೆ ಲೆಕ್ಕವಿಲ್ಲ.

ಅಣ್ಣಾಸಾಹೇಬರಿಗೆ ಟೇಲರ್ ಊರಿನ ಹೊರಗೆ ಆರು ಎಕರೆ ಹೊಲವಿತ್ತು. ಅಲ್ಲಿ ಚಿಪ್ ಫ್ಯಾಕ್ಟರಿ ಬರುತ್ತದೆಂದು ಜನ ಜಾಗ ಕೊಂಡರು. ಇವರು ಮಣ್ಣು ಕಪ್ಪಗಿದೆ ಎಂದು ಕೊಂಡರು. "ನಮ್ಮ ಎರಿ ಮಣ್ಣ ನೋಡ್ರಿ ಇದು, ಒಂದು ಮುಷ್ಟಿ ಹಿಡದ್ರ ಕೈ ಬಿಡಂಗಿಲ್ಲ" ಎಂದು ಹೇಳಿಕೊಂಡು ತಿರುಗಿದರು. ಅಲ್ಲಿ ಎಳ್ಳಮಾವಾಸ್ಯೆಯ ಚರಗ ಚೆಲ್ಲಬೇಕೆಂಬುದು ಅವರ ಆಸೆ. ಆ ದಿನ ರೊಟ್ಟಿ, ಕಡುಬು, ಪಲ್ಯ ಎಲ್ಲ ಕಲಸಿ, ಕೂಗುತ್ತ ಹೊಲದ ಸುತ್ತ ಚೆಲ್ಲಿ ಭೂಮಿತಾಯಿಗೆ ಉಣಿಸುವುದು ನಮ್ಮ ಕಡೆಯ ಪದ್ಧತಿ. ಪ್ರತಿ ವರ್ಷ ಒಂದಿಲ್ಲೊಂದು ಮೀಟಿಂಗು ಅಡ್ಡ ಬಂದು ಅದು ಮುಂದಕ್ಕೆ ಹೋಗುತ್ತಿತ್ತು. ಇನ್ನು ಮುಂದಕ್ಕೆ ಹಾಕಲು ವರ್ಷ ಉಳಿದಿರಲಿಲ್ಲ.

"ಈ ಸಲ ಹೊಲಾ ಸುತ್ತಬೇಕು" ಎಂದರು ಅಣ್ಣಾಸಾಹೇಬರು.

ಡಲ್ಲಾಸ್‌ನಿಂದ ಅವರ ತಮ್ಮ ಮಹಾಂತಪ್ಪ ಫೋನಿನ ಸ್ಪೀಕರಿನಲ್ಲಿ ಗುಡುಗಿದರು: "ಅಣ್ಣಾ, ನಾಕು ಹೆಜ್ಜಿ ನಡ್ಯಾಕ ಆಗಂಗಿಲ್ಲ ನಿನಗ. ಮಳಿ ಬ್ಯಾರೆ ಆಗೇತಿ. ಆ ರಾಡ್ಯಾಗ ವೀಲ್‌ಚೇರ್ ಇಳಿಸಿದ್ರ ಅದನ್ನ ಎತ್ತಾಕ ಕ್ರೇನ್ ತರಸಬೇಕಾಗ್ತದ."

ಆಗ ನಮ್ಮ ಚಿದಾನಂದ ಹೆಬ್ಬೆರಳನ್ನು ಬೆಲ್ಟಿಗೆ ಸಿಕ್ಕಿಸಿದ. ಇನ್ನೇನು ಕಾದಿದೆಯೋ ಎಂದುಕೊಂಡೆ.

"ಮಾಮಾ, ಕೆಸರಾಗ ಓಡೋ ಗಾಡಿ ನಾ ತರ್ತೀನಿ. ನನ್ನ ಆಫೀಸಿನ ದೋಸ್ತನ ಹತ್ರ ಐತಿ. ಟ್ರೇಲರ್ ಮ್ಯಾಲ ಏರಿಸಿ, ನನ್ನ ಟ್ರಕ್ಕಿಗೆ ಕಟ್ಟಿದ್ರ ಮುಗೀತು. ಟ್ರೇಲರ್ ಎಳಿಯೂದು ನನಗೇನು ಹೊಸಾದಲ್ಲ."

ಅವನು ಟ್ರೇಲರ್ ಎಳೆದದ್ದನ್ನು ನಾನಂತೂ ನೋಡಿರಲಿಲ್ಲ. ಆದರೆ ಅಣ್ಣಾಸಾಹೇಬರ ಮುಖದಲ್ಲಿ ಅಂದು ಬಂದ ಕಳೆಯನ್ನು ನೋಡಿದೆ. ಅದನ್ನು ನೋಡಿದ ಮೇಲೆ ಬಾಯಿ ತೆರೆಯುವ ಧೈರ್ಯ ಯಾರಿಗಿರುತ್ತದೆ?

ಅಮಾವಾಸ್ಯೆಯ ದಿನ ಬೆಳಿಗ್ಗೆ ಆ ದೋಸ್ತ ಗಾಡಿಯನ್ನು ತಾನೇ ಟ್ರೇಲರ್ ಮೇಲೆ ಏರಿಸಿ ಕೊಟ್ಟ. ಎರಡು ಸೀಟು, ಕಬ್ಬಿಣದ ಕೊಳವೆಯ ಚೌಕಟ್ಟು, ದಪ್ಪ ಹಲ್ಲಿನ ಟೈರುಗಳು. ಜೀಪು ಮತ್ತು ಟ್ರ್ಯಾಕ್ಟರಿಗೆ ಹುಟ್ಟಿದ ಕೂಸಿನ ಹಾಗಿತ್ತು. ಗಾಡಿಯನ್ನು ಟ್ರೇಲರಿನ ಮುಂಭಾಗಕ್ಕೆ ಒತ್ತಿ ನಿಲ್ಲಿಸಿ, ನಾಲ್ಕು ಮೂಲೆಗೂ ನಾಲ್ಕು ಪಟ್ಟಿ ಎಳೆದು, ಸ್ಪ್ರಿಂಗು ಕುಗ್ಗಿ ಗಾಡಿ ಕುಕ್ಕರಗಾಲಿನಲ್ಲಿ ಕೂರುವ ತನಕ ಬಿಗಿದ. "ತಲುಪುವ ತನಕ ಇದನ್ನು ಮುಟ್ಟಬೇಡ. ನಡುವೆ ನಿಲ್ಲಿಸಿ ಪಟ್ಟಿ ಸಡಿಲಾಗಿದೆಯೋ ನೋಡು, ಅಷ್ಟೇ" ಎಂದು ಇಂಗ್ಲಿಷಿನಲ್ಲಿ ಎರಡು ಸಲ ಹೇಳಿದ. ಚಿದಾನಂದ, ಇದೆಲ್ಲ ನನಗೆ ತೊಟ್ಟಿಲಲ್ಲೇ ಗೊತ್ತಿತ್ತು ಎಂಬಂತೆ ಹ್ಞೂಂಗುಟ್ಟಿದ.

ಆ ಪುಣ್ಯಾತ್ಮನ ಮಾತು ನಡೆದದ್ದು ಹಿಲ್‌ಕ್ರಾಫ್ಟ್ ರಸ್ತೆಯ ತನಕ. ಅಲ್ಲಿ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟ್ ಎಂಬ ಭಾರತೀಯರ ಅಂಗಡಿಸಾಲಿನಲ್ಲಿ ಹೂವು ತೆಗೆದುಕೊಳ್ಳಲು ನಿಲ್ಲಿಸಿದೆವು. ಚಿದಾನಂದನ ಹೆಂಡತಿ ಸುಚೇತಾ ಮೈಸೂರಿನವಳು. ಅಂಗಡಿಗೆ ಹೋದವಳು ಹೂವಿನ ಜೊತೆಗೆ ಎರಡು ಬಾಳೆಕಂಬ, ಒಂದು ತೆಂಗಿನಕಾಯಿ, ನಾಲ್ಕು ನಿಂಬೆಹಣ್ಣು ಮತ್ತು ಒಬ್ಬ ಪುರೋಹಿತರನ್ನು ಕರೆದುಕೊಂಡು ಬಂದಳು.

"ಅಲ್ಲಾರೀ, ಭಾವನ್ನ ಕೂರಿಸ್ಕೊಂಡು ಮೊದಲನೇ ಸಲ ಓಡೋ ಗಾಡಿ. ಪೂಜೆ ಮಾಡ್ದೆ ಹೇಗ್ರೀ ಹೋಗೋದು? ಅದೂ ಇಂಥಾ ಟೈಮಲ್ಲಿ..." ಎಂದವಳು ಕಮಲವ್ವನ ಮುಖ ನೋಡಿ, "ಇಂಥಾ ಟ್ರಾಫಿಕ್ ಟೈಮಲ್ಲಿ" ಎಂದು ಮುಗಿಸಿದಳು.

ಪುರೋಹಿತರು ಟ್ರೇಲರನ್ನು ಒಂದು ಸುತ್ತು ಬಂದು ಗಂಭೀರರಾದರು. ನಿಂಬೆಹಣ್ಣನ್ನು ಯಾವ ಚಕ್ರಕ್ಕೆ ಇಡುವುದು? ಟ್ರೇಲರಿನ ಚಕ್ರಕ್ಕೆ ಇಟ್ಟರೆ ಪೂಜೆ ಟ್ರೇಲರಿಗೆ ಸಲ್ಲುತ್ತದೆ, ಗಾಡಿ ಹಾಗೇ ಉಳಿಯುತ್ತದೆ. ಟ್ರಕ್ಕಿಗಾದರೋ ಕೊಂಡಾಗಲೇ ಆಗಿದೆ. ಪಾರ್ಕಿಂಗ್ ಲಾಟಿನಲ್ಲಿ ಸಣ್ಣ ಸಭೆ ಸೇರಿತು. ಸೀರೆ ಅಂಗಡಿಯ ಗುಜರಾತಿಯವರು ಟ್ರೇಲರಿನ ಪರ ಮಾತಾಡಿದರು. ಮಹಾಂತಪ್ಪ ಡಲ್ಲಾಸ್‌ನಿಂದ ಫೋನಿನಲ್ಲಿ, "ಓಡೋ ಗಾಡಿ ಯಾವುದೈತಿ ಅದರ ಗಾಲಿಗೇ ಇಡಬೇಕು" ಎಂದು ತೀರ್ಪು ಕೊಟ್ಟರು.

ಗಾಡಿ ತಾನೇ ಮುಂದೆ ಚಲಿಸಿ ಹಣ್ಣನ್ನು ಒಡೆಯಬೇಕು. ಮುಂದೆ ಜಾಗವಿಲ್ಲ. ಆದ್ದರಿಂದ ಪಟ್ಟಿಗಳನ್ನೆಲ್ಲ ಬಿಚ್ಚಿ, ಚಿದಾನಂದ ಗಾಡಿಯನ್ನು ಟ್ರೇಲರಿನ ಹಿಂದಿನ ಅಂಚಿನ ತನಕ ತಂದ. ಹಣ್ಣು ಇಟ್ಟರು. ಗಾಡಿ ಒಂದು ಗೇಣು ಮುಂದೆ ಬಂತು, ಹಣ್ಣು ಪಚಕ್ಕೆಂದವು, ಎಲ್ಲರೂ ಚಪ್ಪಾಳೆ ತಟ್ಟಿದರು.

"ಇನ್ನ ಗಾಡಿ ಮುಂದ ತಗೊಳ್ಳೋ" ಎಂದೆ ನಾನು, ರೂಢಿ ಮರೆತು.

"ಮುಂದೆ ಟ್ರೇಲರ್ ಮೇಲೆ ರಂಗೋಲಿ ಹಾಕಿ ದೀಪ ಇಟ್ಟಿದೀವಿ ಅಂಕಲ್. ತುಳೀಬಾರ್ದು" ಎಂದಳು ಸುಚೇತಾ. ಗಾಡಿ ಹಿಂದೆಯೇ ಉಳಿಯಿತು. ಬಾಳೆಕಂಬಗಳನ್ನು ಚೌಕಟ್ಟಿಗೆ ನಿಲ್ಲಿಸಿದರು. ಚೆಂಡು ಹೂವಿನ ಹಾರಗಳನ್ನು ಸುತ್ತ ಇಳಿಬಿಟ್ಟರು. ಪಟ್ಟಿ ಎಳೆದರೆ ಹಾರ ಹರಿಯುತ್ತದೆಂದು ಮೊದಲು ಹಾರ, ಹಾರದ ಮೇಲೆ ಬಾಳೆ ಎಲೆ, ಅದರ ಮೇಲೆ ಪಟ್ಟಿ, ಅದೂ ನೋವಾಗದ ಹಾಗೆ ಕಟ್ಟಿದರು. ಹಸುಗೂಸಿಗೆ ಕೂಡ ಯಾರೂ ಅಷ್ಟು ಮೃದುವಾಗಿ ಬಟ್ಟೆ ಸುತ್ತುವುದಿಲ್ಲ. ಅಣ್ಣಾಸಾಹೇಬರು ಟ್ರಕ್ಕಿನ ಮುಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ನೋವಿಗೆ ಕೊಟ್ಟ ಮಾತ್ರೆಯ ಮಂಪರು.

ಹೊರಟೆವು. ಮುಂದೆ ಟ್ರಕ್ಕು, ಟ್ರೇಲರು. ಹಿಂದೆ ನನ್ನ ಕಾರಿನಲ್ಲಿ ಕಮಲವ್ವ ಮತ್ತು ಅಡುಗೆಯ ಬುಟ್ಟಿಗಳು. ಅದರ ಹಿಂದೆ ಸುಚೇತಾ, ಮತ್ತೆ ಸಂಘದವರ ನಾಲ್ಕೈದು ಕಾರು. ಮೋಡ ಕವಿದು ಮಂಜು ಬೇರೆ ಇತ್ತು. "ಎಲ್ಲಾರೂ ಹೆಡ್‌ಲೈಟ್ ಹಚ್ಚಿಕೊಳ್ರಿ, ಒಬ್ಬರ ಹಿಂದ ಒಬ್ಬರು ಸಾವಕಾಶ ಬರ್ರಿ, ನಡುವ ಯಾರನ್ನೂ ಬಿಡಬ್ಯಾಡ್ರಿ" ಎಂದು ಮಹಾಂತಪ್ಪ ಆಜ್ಞೆ ಮಾಡಿದ್ದರು. ಹಾಗೇ ಮಾಡಿದೆವು. ಹೈವೇಯಲ್ಲಿ ಎಲ್ಲರೂ ಎಪ್ಪತ್ತು ಮೈಲಿ ವೇಗದಲ್ಲಿ ಹೋಗುವಾಗ ನಾವು ನಲವತ್ತರಲ್ಲಿ ಹೊರಟೆವು.

ಹೆಂಪ್‌ಸ್ಟೆಡ್ ದಾಟಿದ ಮೇಲೆ ಎದುರಿನಿಂದ ಬರುತ್ತಿದ್ದ ಒಂದು ಟ್ರಕ್ಕು ರಸ್ತೆ ಬದಿಗೆ ಸರಿದು ನಿಂತಿತು. ನಂತರ ಇನ್ನೊಂದು. ಒಬ್ಬ ಮುದುಕ ಕೆಳಗಿಳಿದು, ಟೋಪಿ ತೆಗೆದು ಎದೆಗೆ ಒತ್ತಿಕೊಂಡು ತಲೆ ಬಾಗಿಸಿದ. ಒಬ್ಬ ತಾಯಿ ತನ್ನ ಮಗುವಿನ ಟೋಪಿಯನ್ನೂ ತೆಗೆದಳು.

ಚಿದಾನಂದ ಫೋನಿನಲ್ಲಿ ಹಿಗ್ಗಿ ಹೀರೇಕಾಯಾಗಿದ್ದ. "ನೋಡಿದ್ರೇನ್ರಿ ಶ್ರೀಶೈಲಣ್ಣಾ? ನಮ್ಮ ಪೂಜಿಗೆ ಎಷ್ಟು ಮರ್ಯಾದಿ! ಮಂದಿ ಸುಳ್ಳ ಬೈತಾರ ಟೆಕ್ಸಾಸ್‌ನವರನ್ನ!"

ನನಗೆ ತಿಳಿಯಿತು. ಇಪ್ಪತ್ತು ವರ್ಷ ಇಲ್ಲಿದ್ದವನಿಗೆ ತಿಳಿಯದೆ ಏನು. ಈ ಕಡೆಯ ಜನ ಹೀಗೆ ಗಾಡಿ ನಿಲ್ಲಿಸಿ ಟೋಪಿ ತೆಗೆಯುವುದು ಹೆಣದ ಮೆರವಣಿಗೆಗೆ. ಹೂವು ಹೊದ್ದ ಗಾಡಿ, ದೀಪ ಹಚ್ಚಿದ ಕಾರುಗಳ ಸಾಲು, ಶವಯಾತ್ರೆಯ ವೇಗ. ಏನೊಂದೂ ಕಡಿಮೆ ಇರಲಿಲ್ಲ. ಯಾರ ಹೆಸರಿನ ಮೆರವಣಿಗೆಯೋ ಅವರು ಮುಂದಿನ ಸೀಟಿನಲ್ಲೇ ಕೂತಿದ್ದರು.

ಪಕ್ಕದಲ್ಲಿ ಕಮಲವ್ವ ಕೇಳಿದಳು: "ಯಾಕ್ರಿ ಎಲ್ಲಾರೂ ನಿಂದರಾಕತ್ತಾರ?"

"ಅದು... ರೈತರ ಗಾಡಿ ಕಂಡ್ರ ಇಲ್ಲಿ ಮಂದಿಗೆ ಭಾಳ ಗೌರವ ಬೇ" ಎಂದೆ. ಇದಕ್ಕಿಂತ ಹುಚ್ಚು ಸುಳ್ಳು ನಾನು ಜನ್ಮದಲ್ಲಿ ಹೇಳಿಲ್ಲ. ಆಕೆ ಕಿಟಕಿಯ ಹೊರಗೆ ನೋಡುತ್ತ ಬುಟ್ಟಿಯ ಬಟ್ಟೆಯನ್ನು ಸರಿಪಡಿಸಿದಳು.

ಬ್ರೆನ್‌ಹ್ಯಾಮ್ ಬಿಟ್ಟ ಮೇಲೆ ಚಿದಾನಂದನಿಗೆ ಹುರುಪು ಬಂದು ವೇಗ ಏರಿಸಿದ. ಗಾಳಿಗೆ ಹೂವಿನ ಎಸಳೆಲ್ಲ ಹಾರಿ ನನ್ನ ಗಾಜಿಗೆ ಬಡಿಯತೊಡಗಿದವು. ಬಾಳೆ ಎಲೆಗಳು ಒಂದೊಂದಾಗಿ ಕಿತ್ತು ಹೋದವು. ಎಲೆ ಹೋದ ಕೂಡಲೇ ಪಟ್ಟಿಗಳು ಸಡಿಲಾದವು. ಗಾಡಿ ನಿಂತಲ್ಲೇ ಕುಣಿಯತೊಡಗಿತು. ಭಾರವೆಲ್ಲ ಹಿಂದಿದ್ದ ಟ್ರೇಲರು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬಾಲ ಬೀಸಿತು. ಟ್ರಕ್ಕಿನ ಬೆನ್ನೇ ಅಲುಗಿತು. ಕಮಲವ್ವ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದಳು. ಆ ಟ್ರಕ್ಕಿನಲ್ಲಿ ಆಕೆಯ ತಮ್ಮ, ಗಂಡ ಇಬ್ಬರೂ ಇದ್ದರು. ನಾನು ದೇವರ ಹೆಸರುಗಳನ್ನೆಲ್ಲ ಹೇಳಿ ಮುಗಿಸಿದ್ದೆ. ಹೇಗೋ ಚಿದಾನಂದ ವೇಗ ಇಳಿಸಿ ಬದಿಗೆ ನಿಲ್ಲಿಸಿದ. ನಮ್ಮ ಹಿಂದೆ ಕೆಂಪು ನೀಲಿ ದೀಪ ಮಿನುಗಿತು.

ಇಳಿದವನು ಷೆರಿಫ್ ಕಚೇರಿಯ ಡೆಪ್ಯುಟಿ, ಎಂದರೆ ಇಲ್ಲಿಯ ಜಿಲ್ಲಾ ಪೊಲೀಸಿನವನು, ಆರಡಿಯ ಆಳು. ನಾನು ಓಡಿ ಹೋಗುವಷ್ಟರಲ್ಲಿ ಅವನು ಟ್ರಕ್ಕಿನ ಕಿಟಕಿಯ ಬಳಿ ಟೋಪಿ ತೆಗೆದು ನಿಂತಿದ್ದ. ಅವನ ಇಂಗ್ಲಿಷನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ:

"ಇಂಥ ದಿನ ತಡೆದದ್ದಕ್ಕೆ ಕ್ಷಮಿಸಿ. ನಿಮ್ಮ ದುಃಖ ನನಗೆ ಅರ್ಥವಾಗುತ್ತದೆ. ತೀರಿಕೊಂಡವರು ಯಾರು?"

ಚಿದಾನಂದನಿಗೆ ಈಗ ತಿಳಿಯಿತು. ಯಾರೂ ಸತ್ತಿಲ್ಲ ಎಂದರೆ ಸಡಿಲ ಪಟ್ಟಿಗೆ ದಂಡ. ಗಾಡಿಯನ್ನೇ ತಡೆದು ನಿಲ್ಲಿಸಿದರೆ ಹೊಲವಿಲ್ಲ, ಚರಗವಿಲ್ಲ. ಸತ್ತಿದ್ದಾರೆ ಎಂದರೆ ಯಾರು? ಬಾಯಿಂದ ಹೆಸರು ಜಾರಿಯೇ ಬಿಟ್ಟಿತು: "ಅ... ಅಣ್ಣಾಸಾಹೇಬ್."

"ಆ ಗಾಡಿ ಅವರದೇ?"

ಚಿದಾನಂದ ಕೋಲೆಬಸವನ ಹಾಗೆ ತಲೆಯಾಡಿಸಿದ.

"ಒಳ್ಳೆಯ ಮನುಷ್ಯರಾಗಿದ್ದರೇ?"

ಆಗ ಪಕ್ಕದ ಸೀಟಿನಲ್ಲಿ ಅಣ್ಣಾಸಾಹೇಬರು ಕಣ್ಣು ತೆರೆದರು. ಪೂರ್ತಿ ಎಚ್ಚರವಿದ್ದರು. "ಸಿಟ್ಟು ಜಾಸ್ತಿ. ಆದರೆ ಮನುಷ್ಯ ಕೆಟ್ಟವನಲ್ಲ" ಎಂದರು ಸ್ವಚ್ಛ ಇಂಗ್ಲಿಷಿನಲ್ಲಿ.

"ನಿಮಗೆ ಹತ್ತಿರದವರೇ ಸರ್?"

"ಬಹಳ ಹತ್ತಿರ. ಅವನಿಗೆ ಒಂದೇ ಆಸೆ ಉಳಿದಿತ್ತು. ಕತ್ತಲಾಗುವ ಮೊದಲು ಅವನ ಹೊಲ ಸುತ್ತಬೇಕು."

ಡೆಪ್ಯುಟಿಯ ಕಣ್ಣು ತೇವವಾಯಿತು. ನನಗಂತೂ ರಸ್ತೆ ಬಿರಿದು ನುಂಗಬಾರದೇ ಅನ್ನಿಸಿತು. ಚಿದಾನಂದ ಪಿಸುಗುಟ್ಟಿದ: "ಮಾಮಾ, ತಪ್ಪಾತ್ರಿ..."

"ಸುಮ್ಮ ಕೂಡ್ರೋ. ನನ್ನ ಹೆಣದ ಮೆರವಣಿಗೀನರ ನಾ ನೋಡ್ತೀನಿ" ಎಂದರು ಅಣ್ಣಾಸಾಹೇಬರು. ಆ ಮಾತಿಗೆ ನಗು ಬಂತೋ ಅಳು ಬಂತೋ ನನಗೆ ಈಗಲೂ ಗೊತ್ತಿಲ್ಲ.

ಡೆಪ್ಯುಟಿ ಖಡಕ್ಕಾಗಿ ಹೇಳಿದ: ದುಃಖ ಬೇರೆ, ಕಾನೂನು ಬೇರೆ, ಸರಿಯಾಗಿ ಕಟ್ಟದೆ ಗಾಡಿ ಒಂದು ಅಡಿ ಮುಂದೆ ಹೋಗುವಂತಿಲ್ಲ. ಸಂಘದವರೆಲ್ಲ ಇಳಿದು ಬಂದರು. ಒಬ್ಬರು ಪಟ್ಟಿಯನ್ನು ಗಂಟು ಹಾಕಬೇಕೆಂದರು, ಒಬ್ಬರು ಯೂಟ್ಯೂಬ್ ತೆರೆದರು, ಮಹಾಂತಪ್ಪ ವಿಡಿಯೋ ಕಾಲಿನಲ್ಲಿ ಬಂದು ಎಲ್ಲರನ್ನೂ ಬೈದರು. ಕೊನೆಗೆ ಅಣ್ಣಾಸಾಹೇಬರೇ ಕಿಟಕಿಯಿಂದ ತಲೆ ಹೊರಗೆ ಹಾಕಿ, ಇದ್ದ ಉಸಿರನ್ನೆಲ್ಲ ಕೂಡಿಸಿ ಕೂಗಿದರು:

"ಏ ಚಿದಾನಂದಾ! ಬಂಡಿ ಹೇರೂದು ನೋಡೀಯೋ ಇಲ್ಲೋ? ಹಿಂಭಾರ ಆಗೇತದು! ಹಿಂಭಾರ ಆದ್ರ ಎತ್ತಿನ ಕುತ್ತಿಗಿ ಮ್ಯಾಲ ನೊಗ ನಿಲ್ಲೂದಿಲ್ಲ. ಗಾಡಿ ಮುಂದ ತಗೋ. ಹೂವು ಕಿತ್ತೊಗಿ. ಕಬ್ಬಿಣಕ್ಕ ಕಟ್ಟು, ಬಾಳಿ ಎಲಿಗಲ್ಲ!"

"ಭಾವಾ, ರಂಗೋಲಿ..." ಎಂದಳು ಸುಚೇತಾ.

"ರಂಗೋಲಿ ತುಳದ್ರ ಬರೂ ಪಾಪ ನನಗ ಇರಲಿ. ಭಾಳ ದಿನಾ ಹೊರೂದಿಲ್ಲ ನಾ."

ಹೂವು ಕಿತ್ತರು. ಗಾಡಿ ಮುಂದಕ್ಕೆ ಬಂತು. ಬ್ರೇಕು ಹಾಕಿ, ನಾಲ್ಕು ಮೂಲೆಗೂ ಪಟ್ಟಿ ಎಳೆದು, ಒಬ್ಬೊಬ್ಬರು ಒಂದೊಂದು ರಾಚೆಟ್ ಹಿಡಿದು ಕಟಕಟ ಬಿಗಿದರು. ಸ್ಪ್ರಿಂಗು ಕುಗ್ಗಿ ಗಾಡಿ ಕುಕ್ಕರಗಾಲಿನಲ್ಲಿ ಕೂತಿತು. ಡೆಪ್ಯುಟಿ ಅದನ್ನು ಎರಡೂ ಕೈಯಿಂದ ಅಲುಗಿಸಿ ನೋಡಿದ; ಗಾಡಿಯ ಜೊತೆ ಟ್ರೇಲರೂ, ಟ್ರೇಲರಿನ ಜೊತೆ ಟ್ರಕ್ಕೂ ಅಲುಗಿತು. ಸರಿ ಎಂದ. ಆಮೇಲೆ, ಕತ್ತಲಾಗುವ ಮೊದಲು ಮುಟ್ಟಬೇಕಲ್ಲವೇ ಎಂದು, ದೀಪ ಮಿನುಗಿಸುತ್ತ ನಮ್ಮ ಮುಂದೆ ಹೊರಟ. ತನ್ನ ಜಿಲ್ಲೆಯ ಗಡಿ ಮುಗಿದಲ್ಲಿ ಫೋನ್ ಮಾಡಿ ಒಪ್ಪಿಗೆ ಪಡೆದು ಟೇಲರ್ ತನಕವೂ ಬಂದ. ಒಬ್ಬ ಸುಳ್ಳು ಹೇಳಿದರೆ ಸರ್ಕಾರವೇ ಪೆಟ್ರೋಲು ಸುಟ್ಟು ಜೊತೆಗೆ ಬರುತ್ತದೆ ಎಂಬುದನ್ನು ನಾನು ಅಂದು ಕಂಡೆ. ದಾರಿಯುದ್ದಕ್ಕೂ ಟೋಪಿಗಳು ಕೆಳಗಿಳಿದವು. ಅಣ್ಣಾಸಾಹೇಬರು ಕಿಟಕಿಯಿಂದ ಕೈ ಎತ್ತಿ ಎಲ್ಲರಿಗೂ ನಮಸ್ಕಾರ ಮಾಡುತ್ತ ಬಂದರು.

ಹೊಲದಲ್ಲಿ ಡಲ್ಲಾಸ್‌ನಿಂದ ನೇರ ಬಂದಿದ್ದ ಮಹಾಂತಪ್ಪ, ಆಸ್ಟಿನ್‌ನಿಂದ ಬಂದ ಅಣ್ಣಾಸಾಹೇಬರ ಮಗಳು ನಿವೇದಿತಾ ಕಾಯುತ್ತಿದ್ದರು. ಪೊಲೀಸು ದೀಪ ಕಂಡು ನಿವೇದಿತಾ ಓಡಿ ಬಂದಳು. "What happened? Is Appa okay?" ಎಂದು ಅಪ್ಪನ ಕೆನ್ನೆ ಮುಟ್ಟಿದಳು. ಮಣ್ಣು ಕಪ್ಪಗೆ, ಒದ್ದೆಯಾಗಿ, ಜೋಳದ ಕೂಳೆಯ ನಡುವೆ ಮಲಗಿತ್ತು. ಸೂರ್ಯ ಮೋಡದ ಹಿಂದೆ ಎಲ್ಲೋ ಇಳಿಯುತ್ತಿದ್ದ.

ಗಾಡಿ ಇಳಿಸಿದರು. ಅಣ್ಣಾಸಾಹೇಬರನ್ನು ಎತ್ತಿ ಕೂರಿಸಿ, ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟರು. ಚಿದಾನಂದ ಕೆಸರಿನಲ್ಲಿ ಮೆಲ್ಲಗೆ ಹೊರಟ. ಅಣ್ಣಾಸಾಹೇಬರು ಕಡುಬು, ರೊಟ್ಟಿ, ಬದನೆಕಾಯಿ ಕಲಸಿದ್ದನ್ನು ಮುಷ್ಟಿಯಲ್ಲಿ ತೆಗೆದು ಎಡಕ್ಕೂ ಬಲಕ್ಕೂ ಚೆಲ್ಲುತ್ತ ಕೂಗಿದರು: "ಹುಲ್ಲುಲ್ಲಿಗ್ಯೋ... ಚಲ್ಲಾಂಬರಿಗ್ಯೋ..." ಧ್ವನಿ ಬೇಲಿಯ ತನಕವೂ ಮುಟ್ಟಲಿಲ್ಲ. ಮಹಾಂತಪ್ಪ, ಇಡೀ ದಿನ ಫೋನಿನಲ್ಲಿ ಗುಡುಗಿದವರು, ಕಣ್ಣು ಒರೆಸಿಕೊಂಡರು.

ಡೆಪ್ಯುಟಿ ಟೋಪಿಯನ್ನು ಎದೆಗೆ ಹಿಡಿದು ನೋಡುತ್ತಿದ್ದ. ಚೆಲ್ಲುತ್ತಿರುವುದು ಸತ್ತವರ ಬೂದಿ ಎಂದು ಅವನು ಖಚಿತ ಮಾಡಿಕೊಂಡಿದ್ದ. ನಾವೆಲ್ಲ ಅವನನ್ನು ಕಮಲವ್ವನಿಂದ ದೂರ ಇಡಲು ಹೆಣಗುತ್ತಿದ್ದೆವು. ಸುಚೇತಾ ಅವನಿಗೆ ತಟ್ಟೆ ತುಂಬ ಹೋಳಿಗೆ ಹಾಕಿ ಕೊಟ್ಟಳು. ನಾನು ಹವಾಮಾನದ ಬಗ್ಗೆ ಮಾತು ತೆಗೆದೆ. ಅವನು ತಟ್ಟೆಯನ್ನು ನನ್ನ ಕೈಗೆ ಕೊಟ್ಟು ನೇರ ಕಮಲವ್ವನ ಮುಂದೆ ಹೋಗಿ ನಿಂತ.

"ಅಮ್ಮಾ, ನಿಮ್ಮ ಯಜಮಾನರೇ? ನಿಮಗಾದ ನಷ್ಟಕ್ಕೆ ನನಗೆ ತುಂಬ ದುಃಖವಿದೆ."

"No, no, officer, he's not..." ಎಂದು ನಿವೇದಿತಾ ಮುಂದೆ ಬಂದಳು. ಕಮಲವ್ವ ಕೈ ಎತ್ತಿ ಮಗಳನ್ನು ತಡೆದಳು. ಹೊಲದ ಆಚೆ ಬದುವಿನ ಹತ್ತಿರ ಗಾಡಿ ತಿರುಗುತ್ತಿತ್ತು. ಆಕೆ ಅದನ್ನು ನೋಡಿದಳು. ಚಹಾದ ಮಾತು ಎತ್ತಲಿಲ್ಲ.

"ಯೆಸ್. ಮೈ ಹಸ್ಬೆಂಡ್" ಎಂದಳು. ಆಮೇಲೆ "ಥ್ಯಾಂಕ್ ಯೂ" ಎಂದಳು.

ಹಾಗೆಂದವಳೇ ಒದ್ದೆ ಮಣ್ಣಿನ ಮೇಲೆ ಕೂತುಬಿಟ್ಟಳು. ಅತ್ತಳು. ಕಾಯಿಲೆಯ ಹೆಸರು ಕೇಳಿದಂದಿನಿಂದ ಹಿಡಿದಿಟ್ಟದ್ದೆಲ್ಲ ಒಮ್ಮೆಗೇ ಬಂತು. ಆ ಆರಡಿಯ ಆಳು ಕೆಸರಿನಲ್ಲಿ ಮೊಣಕಾಲೂರಿ ಆಕೆಯ ಕೈ ಹಿಡಿದುಕೊಂಡ. ನಮಗೆ ಯಾರಿಗೂ ಮಾಡಲಾಗದ್ದನ್ನು ಏನೂ ತಿಳಿಯದ ಅವನು ಮಾಡಿದ್ದ.

ಸುತ್ತು ಮುಗಿಸಿ ಗಾಡಿ ಬಂತು. ಅಣ್ಣಾಸಾಹೇಬರು ಹೆಂಡತಿಯನ್ನು ನೋಡಿದರು. ಕಮಲವ್ವ ಸೀರೆಯ ಕೆಸರು ಕೊಡವಿಕೊಂಡು ಎದ್ದು ಬಂದು, "ಇಳಿ ಕೆಳಗ" ಎಂದು ತಮ್ಮನಿಗೆ ಹೇಳಿದಳು. ಚಿದಾನಂದ ಇಳಿದ. ದಿನವೂ ಗಂಡನನ್ನು ಆಸ್ಪತ್ರೆಗೆ ಕಾರಿನಲ್ಲಿ ಕರೆದುಕೊಂಡು ಹೋಗುತ್ತಿದ್ದವಳು ಈಗ ಸ್ಟಿಯರಿಂಗ್ ಹಿಡಿದು ಕೂತಳು.

"ಡಾಕ್ಟರು ಎಲ್ಲಿ ತನಕ ಅಂದಾರ?"

ಅಣ್ಣಾಸಾಹೇಬರು ಕೈಗೆ ಅಂಟಿದ ಕಡುಬಿನ ಚೂರನ್ನು ನೋಡಿಕೊಂಡರು. "ಯುಗಾದಿ ತನಕ ಅಂದಾರ. ಅದೂ ಧೈರ್ಯ ಹೇಳೂ ಹಂಗ ನಕ್ಕೋತ ಅಂದ್ರು."

"ನನಗ್ಯಾಕ ಹೇಳಲಿಲ್ಲ?"

"ನೀ ಎಲ್ಲಿ ಕೇಳಿದಿ?"

ಕಮಲವ್ವ ಬುಟ್ಟಿಯಲ್ಲಿ ಏನುಳಿದಿದೆ ಎಂದು ಬಗ್ಗಿ ನೋಡಿದಳು. ಅರ್ಧದಷ್ಟಿತ್ತು. ಗಾಡಿ ಶುರು ಮಾಡಿ, ಮತ್ತೆ ಹೊಲದ ಕಡೆಗೆ ತಿರುಗಿಸಿದಳು. ಈ ಸಲ ಕೂಗಿದವಳು ಆಕೆ. ರಸ್ತೆಯ ತನಕ ಕೇಳಿಸಿತು.

ಡೆಪ್ಯುಟಿ ಎದ್ದು ಮೊಣಕಾಲಿನ ಮಣ್ಣು ಒರೆಸುತ್ತ, ಆಕೆಯ ಪಕ್ಕ ಕೂತವರು ಯಾರು ಎಂದು ಕೇಳಿದ. ಚಿದಾನಂದನ ಹೆಬ್ಬೆರಳುಗಳಿಗೆ ಬೆಲ್ಟು ಸಿಗಲಿಲ್ಲ. ದಂಡವೋ ಜೈಲೋ ಆದದ್ದಾಗಲಿ ಎಂಬಂತೆ ನಿಜ ಹೇಳಿದ: "ಸರ್, ಅವರೇ ಅಣ್ಣಾಸಾಹೇಬರು."

ಡೆಪ್ಯುಟಿ ಗಾಡಿಯ ಕಡೆ ತಿರುಗಿ ನೋಡಿದ. ದಂಡ ಬರೆಯಲಿಲ್ಲ, ಬೈಯಲೂ ಇಲ್ಲ. ಮಬ್ಬು ಕವಿಯುತ್ತಿತ್ತು, ಗಾಡಿಗೆ ಬದು ಸರಿಯಾಗಿ ಕಾಣುವಂತಿರಲಿಲ್ಲ. ಅವನು ಹೋಗಿ ತನ್ನ ಕಾರನ್ನು ಹೊಲದ ಕಡೆಗೆ ತಿರುಗಿಸಿ, ಹೆಡ್‌ಲೈಟ್ ಹಚ್ಚಿ, ಅವರು ಸುತ್ತು ಮುಗಿಸುವ ತನಕ ಅಲ್ಲೇ ನಿಂತಿದ್ದ.